ವಾಟರ್ ಇಂಜೆಕ್ಷನ್ ಪಂಪಿಗೆ ಪಿಡಬ್ಲ್ಯೂಎಂ ಕೊಟ್ಟರೆ ಮಾಸ್‌ಫೆಟ್ ಸುಡುತ್ತಿದೆ

ಟರ್ಬೊ_ಕೋಲಾರ: ಟರ್ಬೊ ಇಂಜಿನ್ನಿಗೆ ಹೋಗೋ ಗಾಳಿಗೆ ನೀರಿನ ಮಂಜು ಸಿಂಪಡಿಸೋ ಸೆಟಪ್. 12 ವೋಲ್ಟಿನ ಡಯಾಫ್ರಮ್ ಪಂಪು, 0.4 ಮಿ.ಮೀ. ನಾಜಲ್. ಆರ್ಡುಯಿನೊ (ಸಣ್ಣ ಕಂಟ್ರೋಲರ್ ಬೋರ್ಡ್) 9ನೇ ಪಿನ್ನಿಂದ ಐಆರ್‌ಎಫ್540 ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಗೇಟಿಗೆ, ಅಂದ್ರೆ ಅದನ್ನ ಆನ್ ಮಾಡೋ ಕಾಲಿಗೆ, ನೇರ ಪಿಡಬ್ಲ್ಯೂಎಂ ಸಿಗ್ನಲ್ (ಬೇಗ ಬೇಗ ಆನ್-ಆಫ್ ಮಾಡಿ ಶಕ್ತಿ ಹೆಚ್ಚು ಕಮ್ಮಿ ಮಾಡೋದು), ಮೋಟರಿಗೆ ಅಡ್ಡಲಾಗಿ 1ಎನ್4007 ಡಯೋಡ್. ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಏರಿದಂತೆ ನೀರೂ ಏರಬೇಕು. ಎರಡೇ ನಿಮಿಷಕ್ಕೆ ಮಾಸ್‌ಫೆಟ್ ಮುಟ್ಟೋಕಾಗಲ್ಲ, ಪಂಪು ಕಟಕಟ ಅಂತ ನಿಂತು ನಿಂತು ಓಡುತ್ತೆ. ಎಲ್ಲಿ ತಪ್ಪಿದೆ?

ವೈರಿಂಗ್_ತುಮಕೂರು: ಗುರು, ಐಆರ್‌ಎಫ್540 ಪೂರ್ತಿ ಆನ್ ಆಗೋಕೆ ಗೇಟಿಗೆ 10 ವೋಲ್ಟ್ ಬೇಕು. 5 ವೋಲ್ಟಿಗೆ ಅರ್ಧಂಬರ್ಧ ತೆರೆದು ಬಿಸಿಯಾಗುತ್ತೆ. ಐಆರ್‌ಎಲ್‌ಜೆಡ್44ಎನ್ ಹಾಕಿ, ಅದು 5 ವೋಲ್ಟಿಗೇ ತೆರೆಯೋ ಮಾಸ್‌ಫೆಟ್. ಗೇಟಿಗೆ ಸರಣಿಯಲ್ಲಿ 100 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್. ಈ ಎರಡನೆಯದನ್ನು ಬಿಡಲೇಬೇಡಿ: ಬೋರ್ಡ್ ಬೂಟ್ ಆಗುವಾಗ ಗೇಟು ತೇಲಿದರೆ (ಯಾವ ಸಿಗ್ನಲ್ಲೂ ಇಲ್ಲದೆ ಅತಂತ್ರವಾದರೆ) ಪಂಪು ತಾನಾಗೇ ಓಡಿ ನಿಂತ ಇಂಜಿನ್ನಿಗೆ ನೀರು ತುಂಬುತ್ತೆ. 1ಎನ್4007 ಬರೀ 1 ಆಂಪಿಯರಿನದು, ನಿಧಾನ ಬೇರೆ. 10 ಆಂಪಿಯರ್ ಶಾಟ್ಕಿ ಅನ್ನೋ ವೇಗದ ಡಯೋಡನ್ನು ಪಂಪಿನ ಟರ್ಮಿನಲ್ಲಿಗೇ ಬೆಸುಗೆ ಹಾಕಿ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ.

ನಾಜಲ್_ಚಿಂತಾಮಣಿ: ಕಟಕಟ ಬಹುಶಃ ಪಂಪಿನ ತಲೆಯಲ್ಲಿರೋ ಪ್ರೆಶರ್ ಸ್ವಿಚ್ಚಿಂದು. ನಾಜಲ್ ಸಣ್ಣದು, ಒತ್ತಡ ಬೇಗ ತುಂಬಿ ಸ್ವಿಚ್ ಕರೆಂಟ್ ಕಡಿಯುತ್ತೆ. ಆದರೆ ಪಂಪಿನ ವೇಗ ಇಳಿಸೋ ದಾರಿಯೇ ನನಗೆ ಒಪ್ಪಿಗೆಯಿಲ್ಲ. ಅದೇ ನಾಜಲ್ಲಲ್ಲಿ ಹರಿವು ಅರ್ಧ ಮಾಡಿದರೆ ಒತ್ತಡ ಕಾಲು ಭಾಗಕ್ಕೆ ಬೀಳುತ್ತೆ, 8 ಬಾರ್ ಇದ್ದದ್ದು 2. ಆಗ ಬರೋದು ಮಂಜಲ್ಲ, ದಪ್ಪ ಹನಿ. ಪಂಪು ಸ್ವಿಚ್ಚಿನ ಮೇಲೇ ಓಡಲಿ, ಮುಂದೆ ಸಣ್ಣ ಅಕ್ಯುಮುಲೇಟರ್ (ಒತ್ತಡದ ನೀರು ಕೂಡಿಡೋ ಡಬ್ಬಿ) ಇಟ್ಟು, ಪಿಡಬ್ಲ್ಯೂಎಂ ಅನ್ನು ವೇಗದ ಸೊಲೆನಾಯ್ಡ್ ವಾಲ್ವಿಗೆ (ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್) ಕೊಡಿ.

ವೈರಿಂಗ್_ತುಮಕೂರು: ಒಪ್ಪಿದೆ. ವಾಲ್ವಿಗೂ ಶಾಟ್ಕಿ ಬೇಕು. ಟ್ಯಾಂಕಿಗೆ ಬೋರ್ ನೀರು ಬೇಡ, ನಮ್ಮ ಕಡೆಯ ಗಡಸು ನೀರಿಗೆ 0.4ರ ತೂತು ಬಿಳಿ ಪದರ ಕಟ್ಟಿ ಮುಚ್ಚುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರೇ ಹಾಕಿ.