ವಿಜಯನಗರ ಕಾಲದ ಕೈಗವಚದ ಕಠಾರಿಯ ಪ್ರತಿಕೃತಿ ಮಾಡಿಸಬೇಕಾಗಿದೆ: ಅಳತೆ, ಉಕ್ಕು ಮತ್ತು ಹಿಡಿಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಇತಿಹಾಸ ಶಿಕ್ಷಕ, ಮಾನ್ವಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ 1520ರಲ್ಲಿ ನಡೆದ ರಾಯಚೂರು ಕದನವನ್ನು ಕುರಿತು ನಮ್ಮ ಶಾಲೆಯಲ್ಲಿ ಕಾಯಂ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಕೋಟೆಯ ನಕ್ಷೆ, ಕೋಟೆಗೋಡೆಯಲ್ಲಿ 1294ರ ಶಾಸನವಿರುವ ಉದ್ದನೆಯ ಕಲ್ಲಿನ ಛಾಯಾಚಿತ್ರ, ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಯುದ್ಧದ ವೃತ್ತಾಂತದ ಸಾರಾಂಶ ಇವೆಲ್ಲ ಆಗಿವೆ. ಆದರೆ ಮಕ್ಕಳು ಪ್ರತಿ ವರ್ಷ ಕೇಳುವುದು ಒಂದೇ: ಸೈನಿಕರ ಕೈಯಲ್ಲಿ ಏನಿತ್ತು, ಅದು ಎಷ್ಟು ಭಾರವಿತ್ತು, ಅದನ್ನು ಹೇಗೆ ಹಿಡಿಯುತ್ತಿದ್ದರು?

ಈ ಕಾರಣಕ್ಕೆ, ಅಡ್ಡಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವ, ಮುಷ್ಟಿಯ ಹಿಂಬದಿಯನ್ನು ಹಾಯಿಪಟದಂತೆ ಮುಚ್ಚುವ ಲೋಹದ ಕವಚವಿರುವ ಕಠಾರಿಯ ಪ್ರತಿಕೃತಿಯೊಂದನ್ನು ಮಾಡಿಸಬೇಕೆಂದಿದ್ದೇನೆ. ಇದರ ಮೂಲಗಳು ಬಹಳ ಅಪರೂಪ. ನನಗೆ ದೊರೆತಿರುವುದು ವಿದೇಶಿ ಸಂಗ್ರಹಾಲಯಗಳ ಛಾಯಾಚಿತ್ರಗಳು ಮಾತ್ರ. ಛಾಯಾಚಿತ್ರದಿಂದ ಅಳತೆ ತೆಗೆಯುವುದು ಹೇಗೆ? ಅಲಗಿಗೆ ಯಾವ ಉಕ್ಕು ಸರಿ? ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ನಮ್ಮ ನಾಡಿನ ಹಳೆಯ ಮೂಸೆ ಉಕ್ಕಿನ ಅಲೆಅಲೆಯಾದ ವಿನ್ಯಾಸವನ್ನು ಅಲಗಿನ ಮೇಲೆ ತೋರಿಸಬಹುದೇ? ಮತ್ತು ವಸ್ತು ಹಳೆಯದೆಂಬಂತೆ ಕಾಣಲು ತುಕ್ಕಿನ ಬಣ್ಣ ಹಿಡಿಸುವುದು ಸರಿಯೇ? ಅಲಗಿನ ಬಾಯಿ ಮೊಂಡಾಗಿಯೇ ಇರಬೇಕು, ಮಕ್ಕಳು ಶಿಕ್ಷಕರ ಎದುರಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡುವಂತಿರಬೇಕು ಎಂಬುದು ನಮ್ಮ ಅಪೇಕ್ಷೆ.

ಉತ್ತರ: ಕುಲುಮೆ ಕೆಲಸ, ಲಿಂಗಸುಗೂರು

ಗುರುಗಳಿಗೆ ಶರಣು. ನಮ್ಮದು ಮೂರು ತಲೆಮಾರಿನ ಕಮ್ಮಾರಿಕೆ. ಕುಡಗೋಲು, ಕೊಡಲಿ, ಕುಂಟೆಯ ಕುಡದ ಜೊತೆಗೆ ಜಾತ್ರೆಗೆ, ಬಯಲಾಟಕ್ಕೆ ಬೇಕಾದ ಕತ್ತಿಗಳನ್ನೂ ಮಾಡಿಕೊಡುತ್ತೇವೆ. ನೀವು ಆರಿಸಿಕೊಂಡಿರುವ ವಸ್ತುವಿನಲ್ಲಿ ಅಲಗಿಗಿಂತ ಹಿಡಿಯ ಕೆಲಸವೇ ಹೆಚ್ಚು ಎಂಬುದನ್ನು ಮೊದಲೇ ತಿಳಿದುಕೊಂಡರೆ ಖರ್ಚು ಮತ್ತು ಸಮಯದ ಲೆಕ್ಕ ಸರಿಯಾಗುತ್ತದೆ.

ಅಳತೆಯ ವಿಷಯ ಮೊದಲು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿ ಇಂಥ ಕಠಾರಿಗಳಿವೆ. ಆ ಸಂಸ್ಥೆಯು ತನ್ನಲ್ಲಿರುವ ಹಳೆಯ ವಸ್ತುಗಳ ಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಬಳಸಲು ಮುಕ್ತಗೊಳಿಸಿದೆ, ಮತ್ತು ಅನೇಕ ಆಯುಧಗಳ ಉದ್ದ, ಅಗಲ, ತೂಕವನ್ನು ಚಿತ್ರದ ಜೊತೆಗೇ ಕೊಟ್ಟಿದೆ. ಒಟ್ಟು ಉದ್ದ ಗೊತ್ತಿದ್ದರೆ, ನೇರವಾಗಿ ಮೇಲಿನಿಂದ ತೆಗೆದ ಚಿತ್ರವನ್ನು ನಿಜ ಗಾತ್ರಕ್ಕೆ ಮುದ್ರಿಸಿ, ರಟ್ಟಿನ ಮೇಲೆ ಅಂಟಿಸಿ, ಕತ್ತರಿಸಿ ನಮೂನೆ ಮಾಡಿಕೊಳ್ಳಬಹುದು. ಆದರೆ ಓರೆಯಾಗಿ ತೆಗೆದ ಚಿತ್ರದಿಂದ ಅಳತೆ ತೆಗೆದರೆ ಹತ್ತಿರದ ತುದಿ ಹಿಗ್ಗಿ, ದೂರದ ತುದಿ ಕುಗ್ಗಿರುತ್ತದೆ, ಅದನ್ನು ನಂಬಬೇಡಿ.

ಚಿತ್ರದಲ್ಲಿ ಎಂದೂ ಸಿಗದ ಅಳತೆಯೆಂದರೆ ದಪ್ಪ. ಮಾರುಕಟ್ಟೆಯಲ್ಲಿ ಸಿಗುವ ಪ್ರತಿಕೃತಿಗಳಲ್ಲಿ ಬಹುಪಾಲು ಕೆಡುವುದು ಇಲ್ಲಿಯೇ. ಆರು ಮಿಲಿಮೀಟರಿನ ಪಟ್ಟಿಯೊಂದನ್ನು ತಂದು, ಆಕಾರಕ್ಕೆ ಕತ್ತರಿಸಿ, ಅಂಚನ್ನು ಮಾತ್ರ ಸವೆದು ಬಿಡುತ್ತಾರೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುವುದರಿಂದ ಭಾರವೆಲ್ಲ ಮುಂದಕ್ಕೆ ಹೋಗಿ, ಹಿಡಿದವರ ಮಣಿಕಟ್ಟು ಕೆಳಗೆ ಜಗ್ಗುತ್ತದೆ. ನಿಜವಾದ ಕಠಾರಿಯ ಅಲಗು ಬುಡದಲ್ಲಿ ಬಲವಾಗಿದ್ದು, ನಡುವಿನ ಏಣನ್ನು ಉಳಿಸಿಕೊಂಡು ಎರಡೂ ಬದಿಗೆ ತೆಳುವಾಗುತ್ತಾ ಹೋಗುತ್ತದೆ. ಎಷ್ಟೋ ಕಠಾರಿಗಳಲ್ಲಿ ಸರಪಳಿ ಅಂಗಿಯನ್ನು ಭೇದಿಸುವುದಕ್ಕೆಂದು ಮೊನೆಯೊಂದು ಮಾತ್ರ ಮತ್ತೆ ದಪ್ಪವಾಗಿರುತ್ತದೆ. ಇದು ಕಾಯಿಸಿ ಬಡಿದರೆ ಬರುವ ಆಕಾರ. ಕೇವಲ ಗ್ರೈಂಡರಿನಿಂದ ಮಾಡುವವರಿಗೆ ಕೊಟ್ಟರೆ ಅರ್ಧ ಉಕ್ಕು ಪುಡಿಯಾಗಿ ಹೋಗುತ್ತದೆ, ಆದರೂ ಮೊನೆ ಸರಿಯಾಗುವುದಿಲ್ಲ.

ಉಕ್ಕಿಗೆ ಲಾರಿಯ ಕಮಾನು ಪಟ್ಟಿಯ ಜಾತಿಯ ಸ್ಪ್ರಿಂಗ್ ಉಕ್ಕು ಸಾಕು, ಆದರೆ ಹಳೆಯ ಪಟ್ಟಿ ಬೇಡ. ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಬಡಿಯುವಾಗ ಅಥವಾ ಎಣ್ಣೆಯಲ್ಲಿ ಅದ್ದಿದಾಗ ಅವು ಬಾಯಿ ಬಿಡುತ್ತವೆ. ಹೊಸ ಪಟ್ಟಿಯನ್ನೇ ತನ್ನಿ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಹದ ಹಾಕುವ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡುವ, ಅಗತ್ಯವೇ ಇರಲಿಲ್ಲ; ಮಕ್ಕಳ ಕೈಗೆ ಕೊಡುತ್ತೀರಿ, ಕೆಳಗೆ ಬಿದ್ದರೆ ತೆಳು ಅಲಗು ಸೊಟ್ಟಗಾಗಬಾರದು ಎಂಬ ಕಾರಣಕ್ಕೆ ಹದ ಬೇಕು. ಕಾದ ಅಲಗು ಅಯಸ್ಕಾಂತಕ್ಕೆ ಅಂಟದಂತಾದ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಮೊನೆ ಕೆಳಗಾಗಿ ನೇರವಾಗಿ ಇಳಿಸಬೇಕು. ಓರೆಯಾಗಿ ಇಳಿಸಿದರೆ ಒಂದು ಮಗ್ಗುಲು ಮೊದಲು ತಣ್ಣಗಾಗಿ ಬಾಗುತ್ತದೆ. ಬಳಿಕ ಉಜ್ಜಿ ಬಿಳಿ ಮಾಡಿ, ಮತ್ತೆ ನಿಧಾನವಾಗಿ ಕಾಯಿಸಿ, ನೀಲಿ ಬಣ್ಣ ದಾಟುವವರೆಗೆ ಹದ ಇಳಿಸಿದರೆ ಅಲಗು ಬಾಗಿದರೂ ತಿರುಗಿ ನೆಟ್ಟಗಾಗುತ್ತದೆ.

ಈಗ ಹಿಡಿ. ಎರಡು ಪಕ್ಕದ ಪಟ್ಟಿಗಳು ಮಣಿಕಟ್ಟಿನ ಎರಡೂ ಬದಿಗೆ ಬರುತ್ತವೆ, ಅವುಗಳ ನಡುವೆ ಅಡ್ಡಹಿಡಿಗಳು, ಮುಂದೆ ಅಲಗು. ಮುಷ್ಟಿ ಕಟ್ಟಿದಾಗ ಅಲಗು ತೋಳಿನ ನೇರಕ್ಕೆ ನಿಲ್ಲುತ್ತದೆ. ಅಲಗನ್ನೂ ಹಿಡಿಯನ್ನೂ ಒಂದೇ ತುಂಡಿನಲ್ಲಿ ಮಾಡಬೇಡಿ. ಹಿಡಿಯಿಂದ ಮುಂದಕ್ಕೆ ಚಾಚಿದ ನಾಲಿಗೆಗಳ ನಡುವೆ ಅಲಗಿನ ಬುಡವನ್ನು ಸೇರಿಸಿ ರಿವೆಟ್ ಹೊಡೆದಿರುವುದು ಇಂಥ ಕಠಾರಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಆ ರಿವೆಟ್ಟುಗಳ ತಲೆಗಳೇ ಅಲಂಕಾರವೂ ಆಗಿರುತ್ತವೆ. ವೆಲ್ಡಿಂಗ್ ಮಾಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ನಿಮ್ಮ ಮಕ್ಕಳು ಕಲಿಯಬೇಕಾದ ಕೂಡುವ ಕ್ರಮವೇ ಮಾಯವಾಗುತ್ತದೆ.

ಕವಚಕ್ಕೆ ಒಂದೂವರೆ ಮಿಲಿಮೀಟರಿನ ಮೆದು ಉಕ್ಕಿನ ತಗಡು ಸಾಕು. ಮರದ ಕೊರಡಿನಲ್ಲಿ ಕುಳಿ ಕೆತ್ತಿ, ತಗಡನ್ನು ಅದರ ಮೇಲಿಟ್ಟು ಗುಂಡುತಲೆಯ ಸುತ್ತಿಗೆಯಿಂದ ಅಂಚಿನಿಂದ ಒಳಕ್ಕೆ ಬಡಿಯುತ್ತಾ ಬರಬೇಕು. ಗಟ್ಟಿಯಾದಾಗಲೆಲ್ಲ ಕೆಂಪಗೆ ಕಾಯಿಸಿ ಬೂದಿಯಲ್ಲಿ ಆರಲು ಬಿಡಬೇಕು. ಅಂಚಿನ ಜಾಲರಿ ಕೆಲಸವನ್ನು ತಗಡು ಬಾಗಿಸಿದ ಮೇಲೆ ತೂತು ಕೊರೆದು ಸಣ್ಣ ಅರದಿಂದ ಬಿಡಿಸಿರಿ. ಮೊದಲೇ ಕೊರೆದರೆ ಬಡಿತಕ್ಕೆ ತೂತುಗಳು ಜಗ್ಗಿ ಕಣ್ಣಿನಾಕಾರವಾಗುತ್ತವೆ.

ಉತ್ತರ: ಲೋಹಶಾಸ್ತ್ರ, ತೋರಣಗಲ್ಲು

ಲಿಂಗಸುಗೂರಿನ ಹಿರಿಯರು ಹೇಳಿದ ಉಕ್ಕಿನ ಆಯ್ಕೆ ಸರಿಯಾಗಿದೆ. ಮೂಸೆ ಉಕ್ಕಿನ ಬಗ್ಗೆ ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ಅದರ ಹೆಸರಿನಲ್ಲಿ ಈಗ ಬಹಳ ನಕಲಿ ವಸ್ತುಗಳು ಮಾರಾಟವಾಗುತ್ತಿವೆ.

ಕರ್ನಾಟಕ ಮತ್ತು ತೆಲಂಗಾಣ ಭಾಗದಲ್ಲಿ ಶತಮಾನಗಳ ಕಾಲ ತಯಾರಾದ ಮೂಸೆ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇಕಡಾ 1.5ರ ಆಸುಪಾಸಿನಲ್ಲಿರುತ್ತದೆ, ಕಮಾನು ಪಟ್ಟಿಯ ಉಕ್ಕಿನಲ್ಲಿ ಅದು ಸುಮಾರು ಶೇಕಡಾ 0.6. ಮೆದು ಕಬ್ಬಿಣದ ತುಂಡನ್ನು ತಂಗಡಿಯಂಥ ಗಿಡದ ಕಟ್ಟಿಗೆ ಮತ್ತು ಎಲೆಗಳ ಜೊತೆಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಗಂಟೆಗಟ್ಟಲೆ ಊದಿ ಕರಗಿಸಿ, ನಿಧಾನವಾಗಿ ಆರಿಸುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಅವಶೇಷಗಳು ಸಿಕ್ಕಿವೆ. ಅಲಗಿನ ಮೇಲೆ ಕಾಣುವ ಅಲೆಗಳು ಮೇಲಿನಿಂದ ಬಿಡಿಸಿದ ಚಿತ್ರವಲ್ಲ. ಉಕ್ಕಿನೊಳಗೆ ಕಬ್ಬಿಣದ ಕಾರ್ಬೈಡ್ ಕಣಗಳು ಸಾಲುಸಾಲಾಗಿ ಜೋಡಣೆಯಾಗಿರುವುದರಿಂದ ಆಮ್ಲ ತಗುಲಿದಾಗ ಅವು ಬೆಳ್ಳಗೆ ಎದ್ದು ಕಾಣುತ್ತವೆ. ಅದಿರಿನಿಂದ ಬಂದ ವೆನೇಡಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇದ್ದರೂ ಈ ಜೋಡಣೆಗೆ ನೆರವಾಗುತ್ತವೆ ಎಂದು ಅಮೆರಿಕದ ಲೋಹಶಾಸ್ತ್ರಜ್ಞ ವೆರ್‌ಹೋವೆನ್ ಮತ್ತು ಕಮ್ಮಾರ ಪೆಂಡ್ರೆ ಕಳೆದ ಶತಮಾನದ ಕೊನೆಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅಂಥ ಉಕ್ಕಿನ ಗಟ್ಟಿಯನ್ನು ಅತಿಯಾಗಿ ಕಾಯಿಸಿ ಬಡಿದರೆ ಕಣಗಳು ಕರಗಿ ವಿನ್ಯಾಸವೇ ಅಳಿಸಿಹೋಗುತ್ತದೆ.

ಹೀಗಿರುವಾಗ ಸ್ಪ್ರಿಂಗ್ ಉಕ್ಕಿನ ಮೇಲೆ ಬಣ್ಣ ಲೇಪಿಸಿ ಆಮ್ಲದಿಂದ ಅಲೆಗಳನ್ನು ಕೊರೆಸುವುದನ್ನು ನಾನು ಒಪ್ಪಲಾರೆ. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಮಾಡಿದ ಪಟ್ಟಿಯೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದೊಂದು ಒಳ್ಳೆಯ ಕಸುಬು, ಆದರೆ ಮೂಸೆ ಉಕ್ಕು ಅಲ್ಲ. ಮಕ್ಕಳು ಅದನ್ನು ನೋಡಿ ನಮ್ಮ ಪೂರ್ವಿಕರ ಉಕ್ಕು ಇದೇ ಎಂದುಕೊಂಡರೆ ನಿಜವಾದ ಸಾಧನೆಗೆ ಅನ್ಯಾಯವಾಗುತ್ತದೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಕೈಗವಚದ ಕಠಾರಿಗಳಲ್ಲಿ ಎಷ್ಟೋ ಅಲಗುಗಳು ಯುರೋಪಿನಿಂದ ಬಂದ ಕತ್ತಿಗಳನ್ನು ತುಂಡರಿಸಿ ಮಾಡಿದವು, ಅವುಗಳ ಮೇಲಿನ ಉದ್ದುದ್ದ ಕಾಲುವೆಗಳು (ತೋಡುಗಳು) ಹಾಗೆಯೇ ಉಳಿದಿವೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಅಲ್ಲಿನ ಬಂದರಿನ ವ್ಯಾಪಾರ ವಿಜಯನಗರಕ್ಕೆ ಇನ್ನಷ್ಟು ಹತ್ತಿರವಾಯಿತು. ರಾಯಚೂರಿನ ಮುತ್ತಿಗೆಯಲ್ಲಿ ಪೋರ್ಚುಗೀಸ್ ಕೋವಿಕಾರರೂ ಇದ್ದರು. ಹಾಗಾಗಿ ಅಲೆಗಳಿಲ್ಲದ, ಎರಡು ಕಾಲುವೆಗಳ ಸಾದಾ ಅಲಗು ನಿಮ್ಮ ಪ್ರದರ್ಶನದ ಕಥೆಗೇ ಹೆಚ್ಚು ಹೊಂದುತ್ತದೆ.

ತುಕ್ಕಿನ ಬಣ್ಣ ಬೇಡ. ಆ ಆಯುಧ ಸೈನಿಕನ ಸೊಂಟದಲ್ಲಿ ಇದ್ದಾಗ ಹೊಳೆಯುತ್ತಿತ್ತು. ತೆಳುವಾಗಿ ಎಣ್ಣೆ ಸವರಿ ಇಟ್ಟರೆ ಸಾಕು.

ಉತ್ತರ: ವಕೀಲರು, ಕೊಪ್ಪಳ

ಕಾನೂನಿನ ಅಂಶವನ್ನು ಸಂಕ್ಷಿಪ್ತವಾಗಿ ತಿಳಿಸುತ್ತೇನೆ. 1959ರ ಆಯುಧ ಅಧಿನಿಯಮವು ಹರಿತವಾದ ಆಯುಧಗಳನ್ನೂ ಒಳಗೊಳ್ಳುತ್ತದೆ. 2016ರ ನಿಯಮಗಳಲ್ಲಿ, ಮನೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಯ ಬಳಕೆಗಲ್ಲದ, ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಳ್ಳವು ಪ್ರತ್ಯೇಕ ವರ್ಗದಲ್ಲಿವೆ. ನಿಮ್ಮ ಕಠಾರಿಯ ಅಲಗು ಈ ಅಳತೆಯನ್ನು ಮೀರುತ್ತದೆ. ಅಂಚು ಮೊಂಡಾಗಿದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ, ಏಕೆಂದರೆ ಬಳಸಬಹುದಾದ ಆಯುಧವಾಗಿ ಮಾರ್ಪಡಿಸಲು ಸಾಧ್ಯವೇ ಎಂಬುದನ್ನೂ ಕಾನೂನು ನೋಡುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೂ ಸ್ಥಳೀಯ ಠಾಣೆಗೂ ಅರ್ಜಿ ಕೊಟ್ಟು, ಉದ್ದೇಶ, ಅಳತೆ ಮತ್ತು ಇಡುವ ಸ್ಥಳವನ್ನು ನಮೂದಿಸಿ ಲಿಖಿತ ಅನುಮತಿ ಪಡೆಯಿರಿ. ಮೊನೆಯನ್ನೂ ದುಂಡಾಗಿಸಿರಿ.

ಅಂದಹಾಗೆ, ಊರಿನ ಯಾರಾದರೂ ತಮ್ಮ ಮನೆಯ ಹಳೆಯ ಕಠಾರಿಯನ್ನು ಮಾದರಿಗೆಂದು ತಂದರೆ ಅದನ್ನು ಉಜ್ಜಿ ಹೊಳಪು ಮಾಡಿಸಬೇಡಿ. ನೂರು ವರ್ಷ ಮೀರಿದ ಇಂಥ ವಸ್ತುಗಳಿಗೆ 1972ರ ಪುರಾವಸ್ತು ಕಾನೂನು ಅನ್ವಯವಾಗುತ್ತದೆ; ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಉತ್ತರ: ಶಿಲ್ಪ ಅಧ್ಯಯನ, ಆನೆಗೊಂದಿ

ಸರ್, ಕವಚದ ತುದಿಯಲ್ಲಿರುವ ವ್ಯಾಳಿಯ (ಸಿಂಹದಂಥ ಕಾಲ್ಪನಿಕ ಮೃಗದ) ತಲೆಯ ಬಗ್ಗೆ ಯಾರೂ ಹೇಳಲಿಲ್ಲ. ಹಿಂದಕ್ಕೆ ಬಾಗಿದ ಆ ತಲೆಯೇ ಈ ಕಠಾರಿಯ ಗುರುತು, ಅದನ್ನು ಅಂತರಜಾಲದ ರೇಖಾಚಿತ್ರ ನೋಡಿ ಮಾಡಿಸಬೇಡಿ. ಹಂಪಿಯ ವಿಠಲ ದೇವಾಲಯದ ಮಂಟಪದ ಕಂಬಗಳಲ್ಲಿ ವ್ಯಾಳಿಗಳನ್ನು ನೋಡಬಹುದು. ಉಬ್ಬಿದ ಕಣ್ಣಗುಡ್ಡೆ, ಅದರ ಮೇಲೆ ಸುರುಳಿಯಾಗಿ ಏಳುವ ಹುಬ್ಬು, ಮೇಲ್ದುಟಿ ಮಡಚಿಕೊಂಡು ಕಾಣುವ ಹಲ್ಲಿನ ಸಾಲು ಈ ಮೂರನ್ನು ಬೇರೆ ಬೇರೆ ಕೋನಗಳಿಂದ ಬಿಡಿಸಿಕೊಳ್ಳಿ. ಆಮೇಲೆ ಕಿನ್ನಾಳಕ್ಕೆ ಹೋಗಿ, ಅಲ್ಲಿನ ಚಿತ್ರಗಾರರಿಂದ ಹಗುರ ಮರದಲ್ಲಿ ನಿಜ ಗಾತ್ರದ ತಲೆಯನ್ನು ಕೆತ್ತಿಸಿರಿ. ದೇವರ ಮೂರ್ತಿ, ವಾಹನಗಳನ್ನು ಕೆತ್ತುವ ಅವರ ಕೈಗೆ ವ್ಯಾಳಿ ಹೊಸದಲ್ಲ. ಆ ಮರದ ತಲೆ ಕೈಯಲ್ಲಿದ್ದರೆ ಉಕ್ಕಿನಲ್ಲಿ ಉಳಿ ಹಿಡಿಯುವವರಿಗೆ ಯಾವ ಸಂದೇಹವೂ ಉಳಿಯುವುದಿಲ್ಲ.

ಫಲಕದಲ್ಲಿ ಏನು ಬರೆಯುತ್ತೀರಿ ಎಂಬುದು ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೈಗವಚದ ಕಠಾರಿಗಳು ನಮಗೆ ಉಳಿದುಬಂದಿರುವುದು ಬಹುಪಾಲು ತಂಜಾವೂರಿನ ಅರಮನೆಯ ಆಯುಧಶಾಲೆಯಿಂದ. ಅಲ್ಲಿ ವಿಜಯನಗರದ ಅಧೀನರಾಗಿ ನಾಯಕರು, ಅವರ ನಂತರ ಮರಾಠರು ಆಳಿದರು. 1855ರಲ್ಲಿ ಆ ರಾಜ್ಯ ಬ್ರಿಟಿಷರ ವಶವಾಗಿ, ಮುಂದಿನ ದಶಕದಲ್ಲಿ ಆಯುಧಶಾಲೆಯೇ ಚದುರಿಹೋಯಿತು. ಕೆಲವು ಮದ್ರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿದವು, ಇನ್ನು ಕೆಲವು ಕೈಯಿಂದ ಕೈಗೆ ದಾಟಿ ಹೊರದೇಶಗಳಿಗೆ ಹೋದವು. ನ್ಯೂಯಾರ್ಕಿನ ಸಂಗ್ರಹದಲ್ಲಿ 1935ರ ಉಯಿಲಿನ ಮೂಲಕ ಜಾರ್ಜ್ ಸ್ಟೋನ್ ಎಂಬವರಿಂದ ಬಂದವೂ ಇವೆ. ಆದ್ದರಿಂದ ‘ಕೃಷ್ಣದೇವರಾಯನ ಕಠಾರಿ’ ಎಂದಾಗಲಿ, ‘ರಾಯಚೂರು ಕದನದಲ್ಲಿ ಬಳಸಿದ್ದು’ ಎಂದಾಗಲಿ ಬರೆಯಬಾರದು. ನಮ್ಮ ಭಾಗದ ಜನರಿಗೆ ಆ ಹೆಸರಿನ ಮೇಲಿರುವ ಅಭಿಮಾನ ನನಗೂ ಇದೆ. ಅಭಿಮಾನದ ಕಾರಣಕ್ಕೇ ಹೇಳುತ್ತಿದ್ದೇನೆ. ಕಠಾರಿಗೆ ಆ ಕಾಲದಲ್ಲಿದ್ದ ಗೌರವವನ್ನು ತೋರಿಸಲು ಸಾಳುವ ಅರಸರು ಧರಿಸಿದ ‘ಕಠಾರಿ ಸಾಳುವ’ ಎಂಬ ಬಿರುದೊಂದೇ ಸಾಕು.

ಸಾಧ್ಯವಾದರೆ ಚೆನ್ನೈನ ಎಗ್ಮೋರಿನಲ್ಲಿರುವ ಆ ಸಂಗ್ರಹಾಲಯಕ್ಕೆ ಶಾಲೆಯಿಂದ ಪತ್ರ ಬರೆದು, ತಂಜಾವೂರಿನ ಆಯುಧಗಳನ್ನು ನೋಡಿ ಬನ್ನಿ. ಲಿಂಗಸುಗೂರಿನವರು ಹೇಳಿದ ದಪ್ಪದ ಪ್ರಶ್ನೆಗೆ ಮಗ್ಗುಲಿನಿಂದ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ: ಇತಿಹಾಸ ಶಿಕ್ಷಕ, ಮಾನ್ವಿ

ಎಲ್ಲರಿಗೂ ಕೃತಜ್ಞತೆಗಳು. ಅಲೆಗಳ ವಿನ್ಯಾಸವನ್ನೂ ತುಕ್ಕಿನ ಬಣ್ಣವನ್ನೂ ಕೈಬಿಟ್ಟು, ಎರಡು ಕಾಲುವೆಗಳ ಸಾದಾ ಅಲಗನ್ನೇ ಮಾಡಿಸುತ್ತೇವೆ. ಅನುಮತಿಯ ಅರ್ಜಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಕಳುಹಿಸುವುದು ಮೊದಲ ಕೆಲಸ. ಫಲಕದಲ್ಲಿ ‘16ನೆಯ ಶತಮಾನದ ದಕ್ಷಿಣ ಭಾರತದ ಕಠಾರಿಯ ಪ್ರತಿಕೃತಿ, ಮೂಲಗಳು ಬಹುಪಾಲು ತಂಜಾವೂರಿನ ಆಯುಧಶಾಲೆಯಿಂದ ಬಂದಿವೆ’ ಎಂದು ಬರೆಯಬೇಕೆಂದಿದ್ದೇನೆ. ಲಿಂಗಸುಗೂರಿನ ಹಿರಿಯರಲ್ಲಿ ಒಂದು ಸಂದೇಹ: ಮೂಲ ಕಠಾರಿಗಳಲ್ಲಿ ಹಿಡಿಯ ಒಳಜಾಗ ಬಹಳ ಇಕ್ಕಟ್ಟು ಎಂದು ಓದಿದ್ದೇನೆ. ದೊಡ್ಡವರ ಮುಷ್ಟಿಗೆ ಹಿಡಿಸುವಂತೆ ಅಗಲ ಮಾಡಬಹುದೇ?

ಉತ್ತರ: ಕುಲುಮೆ ಕೆಲಸ, ಲಿಂಗಸುಗೂರು

ಬೇಡ ಗುರುಗಳೇ. ಒಳಜಾಗ ಇಕ್ಕಟ್ಟಾಗಿದ್ದರೆ ಮಾತ್ರ ಪಕ್ಕದ ಪಟ್ಟಿಗಳು ಮುಷ್ಟಿಯನ್ನು ಎರಡೂ ಬದಿಯಿಂದ ಬಿಗಿಯಾಗಿ ಹಿಡಿಯುತ್ತವೆ, ಕೈ ಒಳಗೆ ಜಾರುವುದಿಲ್ಲ. ಅರ್ಧ ಅಂಗುಲ ಅಗಲ ಮಾಡಿದರೂ ಕವಚದ ಬಾಗು, ಅಲಗಿನ ಬುಡ, ನಾಲಿಗೆಗಳ ಜಾಗ ಎಲ್ಲವನ್ನೂ ಹಿಗ್ಗಿಸಬೇಕಾಗುತ್ತದೆ. ಮೂಲದ ಅಳತೆಯನ್ನೇ ಇಟ್ಟುಕೊಳ್ಳಿ. ಹೇಗೂ ಹಿಡಿದು ನೋಡುವವರು ಮಕ್ಕಳು. ಅಡ್ಡಹಿಡಿಗಳ ನಡುಭಾಗವನ್ನು ಮಾತ್ರ ಮೂಲದಲ್ಲಿರುವಂತೆ ಸ್ವಲ್ಪ ಉಬ್ಬಿಸಿ, ಅಂಚುಗಳನ್ನು ನುಣ್ಣಗೆ ಅರ ಹಾಕಿಸಿರಿ. ರಟ್ಟಿನ ನಮೂನೆ ಸಿದ್ಧವಾದ ಮೇಲೆ ಅದನ್ನು ತೆಗೆದುಕೊಂಡು ಬನ್ನಿ, ತಗಡು ಕತ್ತರಿಸುವ ಮುನ್ನ ಒಮ್ಮೆ ಮಗುವಿನ ಕೈಗೆ ಹಾಕಿ ನೋಡೋಣ.