ಎರಡು ಪ್ರೊಸೆಸರ್ ಇರುವ ಪಿಸಿಗೆ ಯಾವ ಓಎಸ್ ಹಾಕಲಿ? ಬಳಸಿದವರು ಹೇಳಿ

ಹಳೆಯ ವರ್ಕ್‌ಸ್ಟೇಷನ್ ಒಂದು ಕೈಗೆ ಬಂದಿದೆ. ಎರಡು ಜಿಯಾನ್ ಚಿಪ್, ತಲಾ ಎಂಟು ಕೋರ್. ವಿಂಡೋಸ್ 10 ಹೋಮ್ ಇದೆ. ಬಯಾಸ್‌ನಲ್ಲಿ ಎರಡೂ ಚಿಪ್ ಕಾಣುತ್ತವೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದೇ. ಇನ್ನೊಂದು ಕೆಟ್ಟಿದೆಯಾ? ಲಿನಕ್ಸ್ ಹಾಕಲಾ? ವಿಡಿಯೋ ರೆಂಡರಿಂಗ್‌ಗೆ ಬೇಕು.

—

ಚಿಪ್ ಚೆನ್ನಾಗೇ ಇದೆ ಸರ್, ಹೋಮ್ ಇರೋದೇ ಹಾಗೆ. ಮೈಕ್ರೋಸಾಫ್ಟ್ ಎಣಿಸುವುದು ಸಾಕೆಟ್ (ಬೋರ್ಡ್‌ನಲ್ಲಿ ಒಂದು ಚಿಪ್ ಕೂರುವ ಜಾಗ), ಕೋರ್ ಅಲ್ಲ. ಹೋಮ್‌ಗೆ ಒಂದು ಸಾಕೆಟ್, ಪ್ರೊಗೆ ಎರಡು, ಪ್ರೊ ಫಾರ್ ವರ್ಕ್‌ಸ್ಟೇಷನ್ಸ್‌ಗೆ ನಾಲ್ಕು. ಒಂದೇ ಚಿಪ್‌ನಲ್ಲಿ 16 ಕೋರ್ ಇದ್ದಿದ್ದರೆ ಹೋಮ್ ತಕರಾರಿಲ್ಲದೆ ಎಲ್ಲವನ್ನೂ ಓಡಿಸುತ್ತಿತ್ತು, ಅದೇ 16 ಎರಡು ಚಿಪ್‌ಗೆ ಹಂಚಿಹೋಗಿರುವುದರಿಂದ ಅರ್ಧ ಸುಮ್ನೆ ಕೂತಿದೆ. ಫಾರ್ಮ್ಯಾಟ್ ಬೇಡ, ಪ್ರೊ ಕೀ ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಕು. ಎಂಎಸ್‌ಕಾನ್ಫಿಗ್‌ನಲ್ಲಿ (ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಬದಲಿಸುವ ಟೂಲ್) ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಕಡಿಮೆ ಮಾಡೋಕೆ ಇರುವ ಜಾಗ. ಟಿಕ್ ಹಾಕದೆ ಬಿಟ್ಟರೆ ಓಎಸ್‌ಗೆ ಸಿಗುವಷ್ಟನ್ನೂ ಅದೇ ಬಳಸುತ್ತದೆ.

—

ಈಗ ಪ್ರೊ ಕೀಗೆ ದುಡ್ಡು ಹಾಕೋದು ನನಗೇನೋ ಸರಿ ಕಾಣಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗಿಯಿತು, ಹಳೆ ಜಿಯಾನ್‌ಗಳು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಲಿನಕ್ಸ್ ಹಾಕಿ. ಅಲ್ಲಿ ಸಾಕೆಟ್‌ಗೆ ಲೈಸೆನ್ಸ್ ಲೆಕ್ಕವೇ ಇಲ್ಲ. 1996ರ 2.0 ಕರ್ನಲ್‌ನಿಂದಲೇ (ಕರ್ನಲ್ ಅಂದರೆ ಓಎಸ್‌ನ ತಿರುಳು) ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗೆ ಸಪೋರ್ಟ್ ಇದೆ. ಆಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು, ಒಂದು ಪ್ರೊಸೆಸರ್ ಕರ್ನಲ್ ಒಳಗಿದ್ದರೆ ಇನ್ನೊಂದು ಬಾಗಿಲಲ್ಲೇ ಕಾಯಬೇಕು. ಅದನ್ನು ಚೂರುಚೂರೇ ಒಡೆಯುತ್ತಾ ಬಂದು 2011ರಲ್ಲಿ ಪೂರ್ತಿ ತೆಗೆದುಹಾಕಿದರು. ವಿಂಡೋಸ್ 98 ಕಾಲದಲ್ಲಿ ಎರಡು ಸೆಲೆರಾನ್ ಚಿಪ್ ಹಾಕಿದ ಬೋರ್ಡ್ ಇಟ್ಟುಕೊಂಡವರನ್ನು ಕೇಳಿ ನೋಡಿ, ಎರಡನೆಯದು ಬರೀ ಶೋಕಿಗೆ! ವಿಂಡೋಸ್‌ನಲ್ಲಾದರೆ ಎನ್‌ಟಿ ಅಥವಾ 2000 ಹಾಕಿದರೇ ಅದಕ್ಕೆ ಜೀವ ಬರುತ್ತಿದ್ದದ್ದು.

—

ಓಎಸ್ ಯಾವುದಾದರೂ ಹಾಕಿ, ಮೊದಲು ಕ್ಯಾಬಿನೆಟ್ ಬಿಚ್ಚಿ ರ‍್ಯಾಮ್ ಎಲ್ಲೆಲ್ಲಿದೆ ನೋಡಿ. ಇಂಥ ಬೋರ್ಡ್‌ನಲ್ಲಿ ಒಂದೊಂದು ಸಾಕೆಟ್‌ಗೂ ಬೇರೆ ಸ್ಲಾಟ್‌ಗಳು. ನನ್ನದರಲ್ಲಿ ಎಲ್ಲಾ ಸ್ಟಿಕ್ ಮೊದಲ ಸಾಕೆಟ್ ಪಕ್ಕವೇ ಇದ್ದವು. ಲಿನಕ್ಸ್‌ನಲ್ಲಿ ನ್ಯೂಮಾಸಿಟಿಎಲ್ ಅನ್ನೋ ಕಮಾಂಡ್ (ಯಾವ ಚಿಪ್ ಪಕ್ಕ ಎಷ್ಟು ಮೆಮೊರಿ ಇದೆ ಅಂತ ತೋರಿಸುತ್ತೆ) ಕೊಟ್ಟು ನೋಡಿದರೆ ಎರಡನೇ ನೋಡ್ (ಒಂದು ಚಿಪ್ ಮತ್ತು ಅದರ ಪಕ್ಕದ ಮೆಮೊರಿ) ಮುಂದೆ 0 ಎಂಬಿ ಅಂತ ಬರುತ್ತಿತ್ತು. ಅಂದರೆ ಎರಡನೇ ಚಿಪ್ ಪ್ರತಿ ಸಲವೂ ಮೊದಲನೆಯದರ ಮೂಲಕವೇ ಮೆಮೊರಿ ತರಿಸಿಕೊಳ್ಳಬೇಕು, ನಿಧಾನ ಆಗದೆ ಇನ್ನೇನು? ಎರಡೂ ಕಡೆ ಸಮವಾಗಿ ಹಂಚಿ ಹಾಕಿದ ಮೇಲೆ ವ್ಯತ್ಯಾಸ ಕಣ್ಣಿಗೇ ಕಂಡಿತು.

ವೇಗ ಎರಡರಷ್ಟಾಗುತ್ತೆ ಅಂದುಕೊಳ್ಳಬೇಡಿ. ಕೆಲವು ಎನ್‌ಕೋಡರ್‌ಗಳಿಗೆ (ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಪ್ರೋಗ್ರಾಂ) ಕೋರ್ ಜಾಸ್ತಿಯಾದರೂ ಕೆಲಸ ಹಂಚೋಕೆ ಬರಲ್ಲ, ಅರ್ಧ ಕೋರ್ ಖಾಲಿ ಹೊಡೆಯುತ್ತವೆ. ಆಗ ಎರಡು ವಿಡಿಯೋ ಒಟ್ಟಿಗೆ ರೆಂಡರ್‌ಗೆ ಬಿಡಿ, ಅದೇ ನ್ಯೂಮಾಸಿಟಿಎಲ್‌ನಲ್ಲಿ ಒಂದೊಂದನ್ನೂ ಒಂದೊಂದು ನೋಡ್‌ಗೆ ಕಟ್ಟಿಹಾಕಿ. ಒಂದೇ ಫೈಲನ್ನು 16 ಕೋರ್‌ಗೂ ಹಂಚೋಕೆ ಒದ್ದಾಡುವುದಕ್ಕಿಂತ ಇದರಲ್ಲಿ ಬೇಗ ಮುಗಿಯುತ್ತೆ.