ಪದಚರ್ಚೆ: ರೀಇನ್‌ಸ್ಟಾಲ್‌ಗೆ ‘ತೆಗೆದು ಹಾಕು’ ಅಂತ ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸಿಸ್ಟಮ್‌ಗಳೆಲ್ಲ ಉಬುಂಟು (ಲಿನಕ್ಸ್) ಮೇಲೆ ನಡೆಯುತ್ತವೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುವ ಕನ್ನಡ ಮೀಡಿಯಂ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ಯಾಕೇಜ್ (ಉಬುಂಟುವಿನಲ್ಲಿ ಒಂದು ಸಾಫ್ಟ್‌ವೇರ್ ಬರುವ ಕಟ್ಟು) ಕೆಟ್ಟಾಗ ಏನು ಮಾಡಬೇಕು ಅನ್ನುವುದು ವಿಷಯ.

ರೀಇನ್‌ಸ್ಟಾಲ್‌ಗೆ ಲ್ಯಾಬಿನಲ್ಲಿ ನಾವು ಆಡುವ ಮಾತು ‘ಅಪಾಚೆ ತೆಗೆದು ಹಾಕಪ್ಪ’ (ಅಪಾಚೆ ಒಂದು ವೆಬ್ ಸರ್ವರ್ ಸಾಫ್ಟ್‌ವೇರ್). ಇದ್ದದ್ದನ್ನು ತೆಗೆದು ಮತ್ತೆ ಹಾಕು ಅಂತ. ಬೈಕ್ ರಿಪೇರಿಯವರು ‘ಕಾರ್ಬೊರೇಟರ್ ಬಿಚ್ಚಿ ಹಾಕಿದೀನಿ’ ಅನ್ನುತ್ತಾರಲ್ವಾ, ಹಾಗೆ. ಆದರೆ ‘ತೆಗೆದುಹಾಕಿ’ ಅಂತ ಕೂಡಿಸಿ ಬರೆದರೆ ಅದು ರಿಮೂವ್. ಮೊಬೈಲ್ ಮೆನುಗಳಲ್ಲೂ ಆ ಅರ್ಥವೇ ಇದೆ. ‘ಅಳಿಸಿಹಾಕು’, ‘ಕಿತ್ತುಹಾಕು’ಗಳಲ್ಲಿ ಇರುವಂತೆ ಇಲ್ಲಿನ ‘ಹಾಕು’ ಬರೀ ಒತ್ತಿಗೆ ಬಂದದ್ದು. ಬಾಯಲ್ಲಿ ಹೇಳುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಹಾಳೆಯ ಮೇಲೆ ನಡುವಿನ ಜಾಗವೊಂದನ್ನೇ ನಂಬಿಕೊಳ್ಳಬೇಕು.

ಹೋದ ವಾರ ಒಬ್ಬ ಹುಡುಗ ಅಪಾಚೆಯ ಮುಖ್ಯ ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳಿರುವ ಫೈಲ್) ಅಳಿಸಿಬಿಟ್ಟಿದ್ದ. ರೀಇನ್‌ಸ್ಟಾಲ್ ಮಾಡಿದ, ಎರರ್ ಹೋಗಲಿಲ್ಲ. ರಿಮೂವ್ ಮಾಡಿ ಇನ್‌ಸ್ಟಾಲ್ ಮಾಡಿದ, ಆಗಲೂ ಫೈಲ್ ಬರಲಿಲ್ಲ. ಪ್ರೋಗ್ರಾಮ್ ಫೈಲ್ ಕಳೆದುಹೋದರೆ ರೀಇನ್‌ಸ್ಟಾಲ್ ತಂದುಕೊಡುತ್ತದೆ. ಕಾನ್ಫಿಗ್ ಫೈಲ್ ಇಲ್ಲದಿದ್ದರೆ ಮಾತ್ರ, ಬೇಕಂತಲೇ ಅಳಿಸಿದ್ದಾರೆ ಅಂತ ಡಿಪಿಕೆಜಿ (ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಮ್) ಸುಮ್ಮನಿರುತ್ತದೆ. ರಿಮೂವ್ ಮಾಡಿದ ಮೇಲೆ ಪ್ಯಾಕೇಜ್ ಪಟ್ಟಿಯಲ್ಲಿ ಹೆಸರಿಗಿಂತ ಮೊದಲು, ಸಾಲಿನ ಶುರುವಿನಲ್ಲಿ ‘ಆರ್‌ಸಿ’ ಅಂತ ಕಾಣುತ್ತದೆ. ಪ್ಯಾಕೇಜ್ ಹೋಗಿದೆ, ಕಾನ್ಫಿಗ್ ಲೆಕ್ಕ ಉಳಿದಿದೆ ಅಂತ ಅದರ ಅರ್ಥ. ಪರ್ಜ್ ಮಾಡಿ (ಕಾನ್ಫಿಗ್ ಸಮೇತ ತೆಗೆದು) ಮತ್ತೆ ಹಾಕಿದರೆ, ಇಲ್ಲವೇ ‘ಫೋರ್ಸ್-ಕಾನ್ಫ್‌ಮಿಸ್’ ಆಯ್ಕೆ ಕೊಟ್ಟು ರೀಇನ್‌ಸ್ಟಾಲ್ ಮಾಡಿದರೆ ಹೊಸ ಫೈಲ್ ಬರುತ್ತದೆ. ಆದರೆ ಪರ್ಜ್‌ನಲ್ಲಿ ನಾವು ತಿದ್ದಿಕೊಂಡ ಬೇರೆ ಕಾನ್ಫಿಗ್‌ಗಳೂ ಹೋಗುತ್ತವೆ. ರಿಮೂವ್, ಪರ್ಜ್, ರೀಇನ್‌ಸ್ಟಾಲ್, ಈ ಮೂರು ಕೆಲಸಗಳಿಗೆ ಒಂದಕ್ಕೊಂದು ತಗುಲದ ಪದ ಬೇಕು ಅಂತ ಹಟ ಹಿಡಿದಿರುವುದು ಇದಕ್ಕೇ.

‘ಮರುಸ್ಥಾಪಿಸು’ ಆಗಲೇ ರಿಸ್ಟೋರ್‌ಗೆ ಬಳಕೆಯಲ್ಲಿದೆ. ‘ಮರುಅನುಸ್ಥಾಪನೆ’ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ನಾನು ಅಂದುಕೊಂಡದ್ದು ಹೀಗೆ: ರಿಮೂವ್‌ಗೆ ಬರೀ ‘ತೆಗೆ’, ಪರ್ಜ್‌ಗೆ ‘ಬುಡಸಮೇತ ತೆಗೆ’, ರೀಇನ್‌ಸ್ಟಾಲ್‌ಗೆ ‘ಅದರ ಮೇಲೇ ಹಾಕು’. ನಿಜಕ್ಕೂ ರೀಇನ್‌ಸ್ಟಾಲ್‌ನಲ್ಲಿ ನಾವು ಮೊದಲು ಏನನ್ನೂ ತೆಗೆಯುವುದಿಲ್ಲ. ಅದೇ ಪ್ಯಾಕೇಜ್ ಇದ್ದದ್ದರ ಮೇಲೆ ಮತ್ತೆ ಕೂರುತ್ತದೆ. ಹಾಗಾಗಿ ‘ತೆಗೆದು ಹಾಕು’ ಜಾಗ ಬಿಟ್ಟು ಬರೆದರೂ ಪೂರ್ತಿ ಸರಿಹೊಂದುವುದಿಲ್ಲ ಅನಿಸುತ್ತದೆ. ‘ಬುಡಸಮೇತ’ ಜಾಸ್ತಿ ಆಯಿತೇ?

ಇನ್ನೊಂದು ಸಂದೇಹ. ಇನ್‌ಸ್ಟಾಲ್ ನಡೆಯುವಾಗ ಕರೆಂಟ್ ಹೋದರೆ ಕೆಲವು ಪ್ಯಾಕೇಜ್‌ಗಳ ಫೈಲ್‌ಗಳು ಬಿಚ್ಚಿಕೊಂಡಿರುತ್ತವೆ (ಅನ್‌ಪ್ಯಾಕ್), ಕಾನ್ಫಿಗರ್ (ಬಳಕೆಗೆ ಸಿದ್ಧಮಾಡುವ ಕೊನೆಯ ಹಂತ) ಮಾತ್ರ ಆಗಿರುವುದಿಲ್ಲ. ಕೆಲವು ಬಿಚ್ಚಿಕೊಳ್ಳುವುದೇ ಅರ್ಧಕ್ಕೆ ನಿಂತಿರುತ್ತದೆ. ಮೊದಲನೆಯದಕ್ಕೆ ‘ಡಿಪಿಕೆಜಿ ಕಾನ್ಫಿಗರ್ ಎ’ ಕಮ್ಯಾಂಡ್ ಸಾಕು, ಎರಡನೆಯದಕ್ಕೆ ಪ್ಯಾಕೇಜನ್ನೇ ಮತ್ತೆ ಹಾಕಬೇಕು. ಎರಡನ್ನೂ ನಾವು ‘ಅರ್ಧಂಬರ್ಧ ಆಗಿದೆ’ ಅಂತಲೇ ಅನ್ನುತ್ತೇವೆ. ಮೊದಲನೆಯದಕ್ಕೆ ‘ಬಿಚ್ಚಿದೆ, ಅಣಿಯಾಗಿಲ್ಲ’ ಅಂದರೆ ಒಪ್ಪುತ್ತದೆಯೇ? ಕಾನ್ಫಿಗರ್‌ಗೆ ‘ಅಣಿಮಾಡು’ ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ? ಚಿತ್ರದುರ್ಗ, ಹರಿಹರ ಕಡೆ ಲ್ಯಾಬ್ ನೋಡಿಕೊಳ್ಳುವವರು ಇದ್ದರೆ, ನಿಮ್ಮಲ್ಲಿ ಮಕ್ಕಳು ಏನಂತಾರೆ ಅಂತ ದಯವಿಟ್ಟು ತಿಳಿಸಿ.